ರತ್ನಗಂಬಳಿಯ ಶುಚಿಕಾರ್ಯ: ಕೂಲಿಯೋ, ಕುಶಲಕರ್ಮವೋ?

ನೌಕರರ ಕೆಲಸದ ಗುಣಮಟ್ಟವನ್ನು ಕಾಯ್ದುಕೊಳ್ಳುವ ಬಗೆ

ಪಣಂಬೂರಿನಿಂದ ಬೈಕಂಪಾಡಿಯವರೆಗಿನ ಕಚೇರಿಗಳೂ ನಗರದ ಹೋಟೆಲು, ಬ್ಯಾಂಕು, ಸಭಾಭವನಗಳೂ ಶುಚಿಕಾರ್ಯಕ್ಕೆ ದರಪಟ್ಟಿ ಕರೆಯುವಾಗ ರತ್ನಗಂಬಳಿಗೆ ಸಾಮಾನ್ಯವಾಗಿ ಒಂದೇ ಒಂದು ಸಾಲನ್ನು ಮೀಸಲಿಡುತ್ತವೆ. ನೆಲ ಒರೆಸುವುದು, ಗಾಜು ಉಜ್ಜುವುದು, ಶೌಚಾಲಯ ತೊಳೆಯುವುದು, ಅದರ ಕೆಳಗೆ 'ಕಾರ್ಪೆಟ್ ಶಾಂಪೂ, ಚದರ ಅಡಿಗೆ ಇಷ್ಟು'. ಕಡಿಮೆ ದರ ನಮೂದಿಸಿದವರಿಗೆ ಕೆಲಸ ದೊರೆಯುತ್ತದೆ. ನೆಲ ಒರೆಸುವಲ್ಲಿ ತಪ್ಪಾದರೆ ಮತ್ತೊಮ್ಮೆ ಒರೆಸಿದರಾಯಿತು. ಉಣ್ಣೆಯ ಕಂಬಳಿಯ ಮೇಲೆ ತಪ್ಪು ದ್ರಾವಣ ಬಿದ್ದರೆ ಮತ್ತೊಮ್ಮೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಈ ವ್ಯತ್ಯಾಸವನ್ನು ದರಪಟ್ಟಿಯ ಆ ಒಂದು ಸಾಲು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಗುತ್ತಿಗೆದಾರರಿಗೂ ಗ್ರಾಹಕರಿಗೂ ನಷ್ಟವಾಗುತ್ತಿದೆ ಎಂಬುದು ಈ ಲೇಖನದ ವಾದ.

ಶುಚಿಕಾರ್ಯವು ಕುಶಲ ಕೆಲಸವಾಗಬಲ್ಲದೇ ಎಂಬ ಸಂಶಯ ಪಣಂಬೂರಿನಲ್ಲಿ ಯಾರಿಗೂ ಬರಬಾರದು. 1974ರ ಮೇ ತಿಂಗಳಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗೆ ಅದಿರು, ಕಲ್ಲಿದ್ದಲು, ರಸಗೊಬ್ಬರಗಳ ಹಡಗುಗಳು ಬಂದು ಹೋಗುತ್ತಿವೆ. ಕಲ್ಲಿದ್ದಲು ಇಳಿಸಿದ ಹಡಗೊಂದು ಮುಂದಿನ ಪಯಣದಲ್ಲಿ ಧಾನ್ಯವನ್ನೋ ಗೊಬ್ಬರವನ್ನೋ ತುಂಬಬೇಕಾದರೆ ಅದರ ಹೋಲ್ಡ್, ಅಂದರೆ ಸರಕು ತುಂಬುವ ಒಡಲು, ಶುಚಿಯಾಗಿರಬೇಕು. ಅದನ್ನು ಹಡಗಿನ ಸಿಬ್ಬಂದಿಯೋ ದಡದ ತಂಡವೋ ಮೊದಲು ಗುಡಿಸಿ, ಸಮುದ್ರದ ನೀರಿನಿಂದ ಒತ್ತಡದಲ್ಲಿ ತೊಳೆದು, ಉಪ್ಪು ಉಳಿಯದಂತೆ ಸಿಹಿನೀರು ಹಾಯಿಸಿ, ಒಣಗಿಸಿ ಒಪ್ಪಿಸುತ್ತದೆ. ಬಳಿಕ ಸರ್ವೇಯರ್ ಟಾರ್ಚ್ ಹಿಡಿದು ಇಳಿಯುತ್ತಾನೆ. ತೊಲೆಗಳ ಸಂದಿಯಲ್ಲಿ ಕೈಯಾಡಿಸುತ್ತಾನೆ, ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತಾನೆ, ಉಪ್ಪಿನಂಶವನ್ನು ಸಿಲ್ವರ್ ನೈಟ್ರೇಟ್ ಹನಿಯಿಂದ ಪರೀಕ್ಷಿಸುವುದೂ ಉಂಟು. ಹೋಲ್ಡ್ ತಿರಸ್ಕೃತವಾದರೆ ಸರಕು ತುಂಬುವುದು ನಿಲ್ಲುತ್ತದೆ, ಹಡಗಿನ ದಿನಬಾಡಿಗೆ ಯಾರ ತಲೆಗೆ ಎಂಬ ವ್ಯಾಜ್ಯ ಹುಟ್ಟುತ್ತದೆ. ಅಲ್ಲಿ ಶುಚಿತ್ವಕ್ಕೆ ದರ್ಜೆಗಳಿವೆ, ಪರೀಕ್ಷೆಯಿದೆ, ತಪ್ಪಿಗೆ ಬೆಲೆಯಿದೆ. ಆದುದರಿಂದಲೇ ಅನುಭವಿ ತಂಡಕ್ಕೆ ಮನ್ನಣೆಯೂ ಇದೆ.

ನಮ್ಮ ಗೇರುಬೀಜದ ಕಾರ್ಖಾನೆಗಳದ್ದೂ ಇದೇ ಪಾಠ. ತಿರುಳನ್ನು ಕಣ್ಣಳತೆಯಲ್ಲೇ ಡಬ್ಲ್ಯೂ 240, ಡಬ್ಲ್ಯೂ 320 ಎಂದು ವಿಂಗಡಿಸುವ ಮಹಿಳೆಯ ಕೆಲಸವನ್ನು ನಾವು 'ಬೀಜ ಹೆಕ್ಕುವುದು' ಎಂದು ಕರೆಯುವುದಿಲ್ಲ. ಒಂದು ಪೌಂಡಿಗೆ 300ರಿಂದ 320 ತಿರುಳು ಬರಬೇಕೆಂಬ ಮಾನದಂಡವನ್ನು ಖರೀದಿದಾರ ತೂಗಿ, ಎಣಿಸಿ ನೋಡುತ್ತಾನೆ. ಮಾನದಂಡ ಇರುವುದರಿಂದ ಆಕೆಯ ಕಣ್ಣಿನ ಕೌಶಲ ಎಲ್ಲರಿಗೂ ಕಾಣುತ್ತದೆ. ರತ್ನಗಂಬಳಿ ಶುಚಿಗೊಳಿಸುವವನ ಕೌಶಲ ಕಾಣದಿರುವುದಕ್ಕೆ ಕಾರಣ ಅದು ಇಲ್ಲವೆಂದಲ್ಲ. ಕೆಲಸ ಮುಗಿದ ಮೇಲೆ ನಾವು ಏನನ್ನು ಪರೀಕ್ಷಿಸಬೇಕೆಂಬುದನ್ನು ಬರೆದಿಟ್ಟಿಲ್ಲ, ಅಷ್ಟೇ.

ನೀರು ಹಾಕುವ ಮುನ್ನ

ಈ ಕಸುಬಿನ ಜಾಣ್ಮೆಯೆಲ್ಲ ಬಹುತೇಕ ಮೊದಲ ಅರ್ಧ ಗಂಟೆಯಲ್ಲಿದೆ. ಮುಂದೆ ಹಾಸಿರುವ ವಸ್ತು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಕಚೇರಿಗಳ ಕಾರ್ಪೆಟ್ಟು ಹೆಚ್ಚಾಗಿ ನೈಲಾನ್ ಅಥವಾ ಪಾಲಿಪ್ರೊಪಿಲೀನ್. ಹೋಟೆಲಿನ ಸ್ವಾಗತ ಕೋಣೆಯಲ್ಲಿ ಉಣ್ಣೆಯದು ಇರಬಹುದು. ಮನೆಗಳಲ್ಲಿ ನವಲಗುಂದದ ಜಮಖಾನದಂತಹ ಹತ್ತಿಯ ನೇಯ್ಗೆ. ಇತ್ತೀಚೆಗೆ ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್. ಅಂಚಿನಿಂದ ಒಂದೆರಡು ಎಳೆ ಕಿತ್ತು, ಕಂಬಳಿಯಿಂದ ದೂರದಲ್ಲಿ ಸುಟ್ಟು ನೋಡುವುದು ಹಳೆಯ, ಇಂದಿಗೂ ಸಲ್ಲುವ ಪರೀಕ್ಷೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯೂ ವಿಸ್ಕೋಸೂ ಕಾಗದದಂತೆ ಉರಿಯುತ್ತವೆ.

ಇದನ್ನು ತಿಳಿಯದೆ ಕೆಲಸ ಆರಂಭಿಸಿದರೆ ಏನಾಗುತ್ತದೆ? ಬೂಷ್ಟಿನ ಕಲೆ ತೆಗೆಯಲು ಬಟ್ಟೆಗೆ ಹಾಕುವ ಬ್ಲೀಚಿಂಗ್ ದ್ರಾವಣವನ್ನೇ ಉಣ್ಣೆಗೆ ಹಾಕಿದರೆ ಕಲೆಯ ಜೊತೆಗೆ ಉಣ್ಣೆಯೂ ಕರಗುತ್ತದೆ. ಇದು ಅತಿಶಯೋಕ್ತಿಯಲ್ಲ, ಕ್ಲೋರಿನ್ ಬ್ಲೀಚು ಉಣ್ಣೆಯ ಎಳೆಯನ್ನು ನಿಜವಾಗಿಯೂ ಕರಗಿಸುತ್ತದೆ. ತೀಕ್ಷ್ಣ ಕ್ಷಾರವೂ ಉಣ್ಣೆಗೆ ಶತ್ರು. ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ಬ್ರಷ್ಷಿನ ತಿಕ್ಕಾಟವನ್ನು ತಾಳದು. ಸೆಣಬಿನ ಬೆನ್ನು ಇರುವ ಕಂಬಳಿಗೆ ನೀರು ಹೆಚ್ಚಾದರೆ ಒಣಗುವಾಗ ಸೆಣಬಿನ ಕಂದುಬಣ್ಣ ಎಳೆಗಳ ತುದಿಗೇರಿ, ಇಲ್ಲದಿದ್ದ ಕಲೆ ಹೊಸದಾಗಿ ಮೂಡುತ್ತದೆ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಬಳಸಬೇಕಾದ ದ್ರಾವಣದಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಕಾಣದ ಮೂಲೆಯಲ್ಲಿ ಕೆಲ ನಿಮಿಷ ಒತ್ತಿ ಹಿಡಿದರೆ ಸಾಕು. ಖರ್ಚಿಲ್ಲದ ಈ ಪರೀಕ್ಷೆಯನ್ನೇ ಅವಸರದ ತಂಡಗಳು ಮೊದಲು ಕೈಬಿಡುತ್ತವೆ.

ಕಲೆಗಳ ವಿಷಯದಲ್ಲಿ ನಮ್ಮ ಅಡಿಗೆಮನೆಯೇ ರಸಾಯನಶಾಸ್ತ್ರವನ್ನು ಕಲಿಸಿದೆ. ಅರಶಿನಕ್ಕೆ ಸುಣ್ಣ ಬೆರೆತರೆ ಆರತಿಯ ಕೆಂಪು ನೀರಾಗುವುದನ್ನು ಅರಿಯದವರಿಲ್ಲ. ಸಾಂಬಾರು ಚೆಲ್ಲಿದ ಜಾಗಕ್ಕೆ ಕ್ಷಾರಗುಣದ ಶಾಂಪೂ ಸುರಿದಾಗ ಹಳದಿ ಕಲೆ ಕೆಂಪಾಗುವುದೂ ಅದೇ ಕ್ರಿಯೆ. ಹೆದರಿದ ಕೆಲಸಗಾರ ಇನ್ನಷ್ಟು ಶಾಂಪೂ ಸುರಿಯುತ್ತಾನೆ. ತಿಳಿದವನು ಸೌಮ್ಯವಾದ ಆಮ್ಲದ್ರಾವಣದಿಂದ ಕ್ಷಾರವನ್ನು ಶಮನಗೊಳಿಸಿ, ಬಳಿಕ ಮಾತ್ರ ಮುಂದುವರಿಯುತ್ತಾನೆ. ಕಾಫಿ, ಚಹಾ, ವೀಳ್ಯದ ರಸ ಇವೆಲ್ಲವೂ ಒಗರಿನ ಕಲೆಗಳು. ಅವೂ ಕ್ಷಾರಕ್ಕೆ ಗಾಢವಾಗುತ್ತವೆ, ಆಮ್ಲಕ್ಕೆ ಸಡಿಲಗೊಳ್ಳುತ್ತವೆ. ಎಣ್ಣೆ, ಗ್ರೀಸ್‌ಗಳದು ಬೇರೆಯೇ ದಾರಿ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣದ ಕುರ್ಚಿಯ ಕಾಲು, ಕಪಾಟಿನ ಬುಡ ಕಂಬಳಿಯ ಮೇಲೆ ತುಕ್ಕಿನ ಉಂಗುರ ಬಿಡುವುದು ನಿತ್ಯದ ಸಂಗತಿ. ಅದಕ್ಕೆ ಬ್ಲೀಚು ಹಾಕಿದರೆ ತುಕ್ಕು ಇನ್ನಷ್ಟು ಭದ್ರವಾಗುತ್ತದೆ. ಬೇಕಾದುದು ಆಕ್ಸಾಲಿಕ್ ಆಮ್ಲದಂತಹ ತುಕ್ಕುನಿವಾರಕ, ಅದೂ ಕೈಗವಸು ಧರಿಸಿ, ಕೊನೆಗೆ ಚೆನ್ನಾಗಿ ನೀರಿನಿಂದ ತೆಗೆದು.

ಇನ್ನು ನಮ್ಮ ಮುರಕಲ್ಲಿನ ಕೆಂಪು ಧೂಳು. ಬಂದರಿನ ಸುತ್ತಿನ ಕಚೇರಿಗಳಲ್ಲಿ ಅದರೊಡನೆ ಕಲ್ಲಿದ್ದಲು, ಅದಿರಿನ ಪುಡಿಯೂ ಪಾದರಕ್ಷೆಗೆ ಅಂಟಿ ಒಳಬರುತ್ತದೆ. ಕಂಬಳಿಯ ಕೊಳೆಯಲ್ಲಿ ಬಹುಪಾಲು ಇಂತಹ ಒಣ ಪುಡಿಯೇ. ಅದು ಒಣಗಿರುವಾಗ ವ್ಯಾಕ್ಯೂಮ್ ಯಂತ್ರಕ್ಕೆ ಸುಲಭವಾಗಿ ಬರುತ್ತದೆ, ಒದ್ದೆಯಾದರೆ ಕೆಸರಾಗಿ ಬುಡಕ್ಕೆ ಇಳಿಯುತ್ತದೆ. ಶಾಂಪೂವಿಗೆ ಮುನ್ನ ಎರಡೂ ದಿಕ್ಕಿನಲ್ಲಿ ನಿಧಾನವಾಗಿ ವ್ಯಾಕ್ಯೂಮ್ ಹಾಯಿಸಿದ ತಂಡಕ್ಕೂ ಹಾಯಿಸದ ತಂಡಕ್ಕೂ ಇರುವ ಅಂತರ ಅಂದು ಸಂಜೆ ಕಾಣುವುದಿಲ್ಲ, ಒಂದು ವಾರದ ಬಳಿಕ ಕಾಣುತ್ತದೆ.

ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ತಜ್ಞರು 1959ರ ಸುಮಾರಿಗೆ ಶುಚಿಕಾರ್ಯವನ್ನು ನಾಲ್ಕು ಅಂಶಗಳ ಒಂದು ವೃತ್ತವಾಗಿ ವಿವರಿಸಿದರು: ರಾಸಾಯನಿಕ, ತಿಕ್ಕಾಟ, ಶಾಖ, ಕಾಲ. ಒಂದನ್ನು ಕಡಿಮೆ ಮಾಡಿದರೆ ಮತ್ತೊಂದನ್ನು ಹೆಚ್ಚಿಸಲೇಬೇಕು. ನಮ್ಮ ಗುತ್ತಿಗೆಗಳಲ್ಲಿ ಮೊದಲು ಕಡಿತವಾಗುವುದು ಕಾಲ. ಅದನ್ನು ತುಂಬಲು ಕೆಲಸಗಾರನು ರಾಸಾಯನಿಕವನ್ನೂ ತಿಕ್ಕಾಟವನ್ನೂ ಹೆಚ್ಚಿಸುತ್ತಾನೆ. ಹೆಚ್ಚಾದ ಸೋಪು ಎಳೆಗಳಲ್ಲಿ ಅಂಟಾಗಿ ಉಳಿದು ಧೂಳನ್ನು ಹಿಡಿಯುತ್ತದೆ. 'ತೊಳೆಸಿದ ಮೇಲೆ ಬೇಗ ಕೊಳೆಯಾಗುತ್ತದೆ' ಎಂದು ಗ್ರಾಹಕರು ದೂರುವುದು ಸುಳ್ಳಲ್ಲ.

ಒಣಗಿಸುವ ವಿದ್ಯೆ

ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ಕಠಿಣ. ಒದ್ದೆ ಕಂಬಳಿ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುವ ಭಯವಿದೆ. ಮುಗ್ಗಲು ವಾಸನೆ ಅದಕ್ಕೂ ಮುನ್ನವೇ ಬರುತ್ತದೆ. ಆಷಾಢದ ಮಳೆಯಲ್ಲಿ ಕೆಲಸ ಮುಗಿಸಿ 'ಗಾಳಿಯಾಡಲಿ' ಎಂದು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಹೋಗುವುದು ಇಲ್ಲಿನ ಸರ್ವಸಾಮಾನ್ಯ ತಪ್ಪು. ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ ಅದು ಕಂಬಳಿಯ ತೇವವನ್ನು ಹೀರುವುದೆಂತು? ಆ ದಿನಗಳಲ್ಲಿ ಬಾಗಿಲು ಮುಚ್ಚಿ, ಹವಾನಿಯಂತ್ರಣ ಯಂತ್ರವನ್ನೋ ತೇವ ಹೀರುವ ಯಂತ್ರವನ್ನೋ ನಡೆಸಿ, ನೆಲಮಟ್ಟದಲ್ಲಿ ಫ್ಯಾನ್ ಬೀಸಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಒಣಗಾಳಿ ಇರುವಾಗ ಕಿಟಕಿ ತೆರೆಯುವುದೇ ಸರಿ. ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದನ್ನು ಗಾಳಿಯ ತೇವಾಂಶ ತೋರಿಸುವ ಪುಟ್ಟ ಮಾಪಕವೊಂದು ಹೇಳಿಬಿಡುತ್ತದೆ. ಅದರ ಬೆಲೆ ಒಂದು ಡಬ್ಬಿ ಶಾಂಪೂವಿಗಿಂತ ಹೆಚ್ಚೇನಲ್ಲ.

ನೀರನ್ನು ಹಿಂದಕ್ಕೆ ಎಳೆಯುವ ಯಂತ್ರದ ಕೊಳವೆಯನ್ನು ಎಷ್ಟು ನಿಧಾನವಾಗಿ ಎಳೆಯಬೇಕು ಎಂಬುದು ಮಾತ್ರ ಶುದ್ಧ ಕೈಚಳಕ. ನೀರು ಸಿಂಪಡಿಸುತ್ತ ಒಂದು ಸಲ ಹಾಯಿಸಿದರೆ, ನೀರಿಲ್ಲದೆ ಎರಡು ಮೂರು ಸಲ ಹೀರಿಸಬೇಕು. ಹೊಸಬನ ಕೈ ಇಲ್ಲಿ ಅವಸರಿಸುತ್ತದೆ. ಅವನು ಬಿಟ್ಟುಹೋದ ನೀರಿನೊಂದಿಗೆ ಬುಡದ ಕೊಳೆಯೂ ಮೇಲೇರಿ, ಮೂರನೆಯ ದಿನ ಅಳಿಸಿದ ಕಲೆ ಅದೇ ಜಾಗದಲ್ಲಿ ಮತ್ತೆ ಪ್ರತ್ಯಕ್ಷವಾಗುತ್ತದೆ.

ಹಾಗೆಂದು ಇಡೀ ಕೆಲಸವನ್ನೇ ವಿದ್ಯೆಯೆಂದು ಹೊಗಳುವ ಉದ್ದೇಶ ನನಗಿಲ್ಲ. ಪೀಠೋಪಕರಣ ಸರಿಸುವುದು, ವ್ಯಾಕ್ಯೂಮ್ ಹಾಯಿಸುವುದು, ನೀರು ಹೊರುವುದು ಒಂದು ದಿನದಲ್ಲಿ ಕಲಿಯುವ ಕೆಲಸಗಳು. ಅಲ್ಲಿ ಬೇಕಾದುದು ಶ್ರದ್ಧೆ. ನಾಲ್ವರ ತಂಡದಲ್ಲಿ ಎಳೆ, ಬಣ್ಣ, ಕಲೆಗಳನ್ನು ಗುರುತಿಸಿ ತೀರ್ಮಾನ ಕೈಗೊಳ್ಳಬಲ್ಲ ಒಬ್ಬರು ಇದ್ದರೂ ನಡೆಯುತ್ತದೆ. ಆದರೆ ಆ ಒಬ್ಬರು ಇರಲೇಬೇಕು. ನೇಯ್ಗೆಯ ಕೇಂದ್ರವಾದ ಉತ್ತರ ಪ್ರದೇಶದ ಭದೋಹಿಯಲ್ಲಿ ನೇಯ್ದ ಕಂಬಳಿಯನ್ನು ತೊಳೆಯುವುದು ಪ್ರತ್ಯೇಕ ಕಸುಬು. ಹೊಳಪು, ಮೃದುತ್ವ ಬರುವುದೇ ಆ ಹಂತದಲ್ಲಿ. ಬ್ರಿಟನ್ನಿನಲ್ಲಿ ಕಾರ್ಪೆಟ್ ಶುಚಿಕಾರರ ಸಂಘ 1968ರಲ್ಲೇ ಹುಟ್ಟಿತು. ಅಮೆರಿಕದಲ್ಲಿ 1972ರಲ್ಲಿ ಆರಂಭವಾದ ಐ.ಐ.ಸಿ.ಆರ್.ಸಿ. ಎಂಬ ಸಂಸ್ಥೆ ಪರೀಕ್ಷೆ ನಡೆಸಿ ತಂತ್ರಜ್ಞರಿಗೆ ಪ್ರಮಾಣಪತ್ರ ನೀಡುತ್ತದೆ. ಕೊಲ್ಲಿ ರಾಷ್ಟ್ರಗಳ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದ ನಮ್ಮವರಲ್ಲಿ ಈ ಶಿಸ್ತನ್ನು ಕಂಡವರಿದ್ದಾರೆ. ತರಬೇತಿಗೆ ದೂರದಿಂದ ತಜ್ಞರನ್ನು ಕರೆಸುವ ಮುನ್ನ ಅವರನ್ನು ವಿಚಾರಿಸಬಹುದು.

ಗುಣಮಟ್ಟ ಎಲ್ಲಿ ಜಾರುತ್ತದೆ

ಒಳ್ಳೆಯ ಕೆಲಸಗಾರನ ಕೆಲಸವೂ ಆರು ತಿಂಗಳಲ್ಲಿ ಏಕೆ ಕಳಪೆಯಾಗುತ್ತದೆ? ಮಾಲೀಕರು ಸಾಮಾನ್ಯವಾಗಿ ಸೋಮಾರಿತನವನ್ನು ದೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಾರಣ ಸಂಬಳ ಕೊಡುವ ರೀತಿಯಲ್ಲಿದೆ. ಚದರ ಅಡಿಯ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಟ್ಟರೆ ಬಣ್ಣದ ಪರೀಕ್ಷೆ, ಒಣ ವ್ಯಾಕ್ಯೂಮ್, ನಿಧಾನದ ಹೀರುವಿಕೆ ಇವು ಮೂರೂ ಕೆಲಸಗಾರನ ಜೇಬಿನಿಂದ ಹೋಗುವ ಸಮಯಗಳಾಗುತ್ತವೆ. ಆತನು ಅವುಗಳನ್ನು ಬಿಡುವುದು ಲೆಕ್ಕಾಚಾರದಿಂದಲೇ ಹೊರತು ಅಲಕ್ಷ್ಯದಿಂದಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. 1,500 ಚದರ ಅಡಿಯ ಸಭಾಂಗಣ, ಚದರ ಅಡಿಗೆ 8 ರೂ., ಒಟ್ಟು 12,000 ರೂ. ಎಲ್ಲ ಖರ್ಚು ಕಳೆದು 2,400 ರೂ. ಉಳಿಯುತ್ತದೆಂದು ಇಟ್ಟುಕೊಳ್ಳಿ. ಕಲೆ ಮರಳಿತೆಂದು ಗ್ರಾಹಕರು ಕರೆದರೆ ಇಬ್ಬರು ಆಳು, ಯಂತ್ರ, ವಾಹನ ಸೇರಿ ಮತ್ತೆ 3,000 ರೂ. ವೆಚ್ಚ, ಆ ಕೆಲಸದಲ್ಲಿ 600 ರೂ. ನಷ್ಟ. ಇಂತಹ ಹತ್ತು ಕೆಲಸಗಳಲ್ಲಿ ಎರಡು ಮರಳಿ ಬಂದರೆ 24,000 ರೂ. ಲಾಭದಲ್ಲಿ 6,000 ರೂ. ಹೋಯಿತು, ಅಂದರೆ ಕಾಲು ಭಾಗ. ಮರಳಿ ಕರೆ ಬಾರದ ಪ್ರತಿ ಕೆಲಸಕ್ಕೆ ತಂಡಕ್ಕೆ 200 ರೂ. ಹೆಚ್ಚುವರಿ ಕೊಟ್ಟರೂ ಹತ್ತು ಕೆಲಸಗಳಿಗೆ 2,000 ರೂ. ಮೀರುವುದಿಲ್ಲ, ಎರಡರಲ್ಲಿ ಒಂದು ಮರುಕೆಲಸ ತಪ್ಪಿದರೂ ಅದು ಹುಟ್ಟಿಬರುತ್ತದೆ. ಈ ಹೆಚ್ಚುವರಿಯನ್ನು ಏಳನೆಯ ದಿನದ ಪರಿಶೀಲನೆಯ ನಂತರವೇ ಕೊಡಬೇಕು. ಎಚ್ಚರಿಕೆಯೊಂದಿದೆ: ತಡೆಹಿಡಿಯುವುದು ಪ್ರೋತ್ಸಾಹಧನವನ್ನು ಮಾತ್ರ, ಮೂಲ ವೇತನವನ್ನಲ್ಲ. ಅದು ಕಾನೂನಿಗೂ ನ್ಯಾಯಕ್ಕೂ ವಿರುದ್ಧ.

ಏಳನೆಯ ದಿನದ ಈ ಭೇಟಿಯೇ ನಮ್ಮ ಕಸುಬಿನ ಸರ್ವೇಯರ್. ಕೆಲಸ ಮುಗಿದ ಸಂಜೆ ಎಲ್ಲ ಕಂಬಳಿಯೂ ಚೆನ್ನಾಗಿಯೇ ಕಾಣುತ್ತದೆ. ಆಗ ಸಹಿ ಹಾಕಿಸಿಕೊಂಡ ತೃಪ್ತಿಪತ್ರಕ್ಕೆ ಬೆಲೆ ಕಡಿಮೆ. ವಾರದ ನಂತರ ಹೋದ ಮೇಲ್ವಿಚಾರಕರು ಮೂರು ಸಂಗತಿಗಳನ್ನು ನೋಡಿದರೆ ಸಾಕು: ಕಲೆ ಮರಳಿದೆಯೇ, ಅಂಗೈಯಿಂದ ಸವರಿದಾಗ ಅಂಟು ತಾಗುತ್ತದೆಯೇ, ಮೂಲೆ ಎತ್ತಿದಾಗ ಮುಗ್ಗಲು ವಾಸನೆ ಇದೆಯೇ. ಎಲ್ಲ ಕಡೆಗೂ ಹೋಗಲಾಗದಿದ್ದರೆ ಐದರಲ್ಲಿ ಒಂದಕ್ಕೆ, ಯಾವುದೆಂದು ಮುಂಚಿತವಾಗಿ ತಂಡಕ್ಕೆ ತಿಳಿಸದೆ ಹೋಗಬೇಕು.

ಪ್ರತಿ ಕೆಲಸಕ್ಕೂ ಒಂದು ಚೀಟಿ ಇರಲಿ. ಎಳೆ ಯಾವುದು, ಬಣ್ಣದ ಪರೀಕ್ಷೆಯ ಫಲ, ಬಳಸಿದ ದ್ರಾವಣ, ಮುಗಿಸಿದ ವೇಳೆ, ಅಂದಿನ ತೇವಾಂಶ, ಇಷ್ಟೇ. ಬಣ್ಣ ಪರೀಕ್ಷಿಸಿದ ಬಿಳಿ ಬಟ್ಟೆಯ ತುಣುಕನ್ನು ಅದಕ್ಕೇ ಪಿನ್ನು ಮಾಡಬೇಕು. ಹೀಗಾದರೆ ಪರೀಕ್ಷೆ ಮಾಡದೆ 'ಮಾಡಿದೆ' ಎಂದು ಬರೆಯುವಂತಿಲ್ಲ, ಹಳೆಯ ಕಲೆಯೊಂದನ್ನು ನಿಮ್ಮ ತಲೆಗೆ ಕಟ್ಟುವ ಗ್ರಾಹಕರ ಮುಂದೆ ಇಡಲು ಸಾಕ್ಷ್ಯವೂ ದೊರೆಯುತ್ತದೆ. ನಮ್ಮ ತಂಡಗಳಲ್ಲಿ ತುಳು, ಬ್ಯಾರಿ, ಕನ್ನಡ, ಹಿಂದಿ ಮಾತಾಡುವವರು ಬೆರೆತಿರುವುದರಿಂದ ಚೀಟಿಯಲ್ಲಿ ಅಕ್ಷರಕ್ಕಿಂತ ಚಿತ್ರ, ಬಣ್ಣದ ಗುರುತುಗಳು ಹೆಚ್ಚಿರುವುದು ಒಳ್ಳೆಯದು. ಕುಡಿಯುವ ನೀರಿನ ಬಾಟಲಿಗಳಲ್ಲಿ ಹೆಸರಿಲ್ಲದೆ ರಾಸಾಯನಿಕ ತುಂಬಿಡುವ ಅಭ್ಯಾಸವಂತೂ ಇಂದೇ ನಿಲ್ಲಬೇಕು. ಬ್ಲೀಚಿಗೆ ಆಮ್ಲ ಬೆರೆತರೆ ಹೊರಡುವುದು ವಿಷಾನಿಲ. ಅಲ್ಲಿ ಹೋಗುವುದು ಕಂಬಳಿಯಲ್ಲ, ಮನುಷ್ಯನ ಪ್ರಾಣ.

ತರಬೇತಿಗೆ ದೊಡ್ಡ ವೆಚ್ಚ ಬೇಕಿಲ್ಲ. ಗುಜರಿಗೆ ಹೋಗುವ ಹಳೆಯ ಕಂಬಳಿಗಳನ್ನು ತಂದು ಒಂದೊಂದು ಅಡಿಯ ತುಂಡುಗಳಾಗಿ ಕತ್ತರಿಸಿ, ಕಾಫಿ, ಸಾಂಬಾರು, ಶಾಯಿ, ಗ್ರೀಸ್, ತುಕ್ಕು ಇವುಗಳ ಕಲೆ ಮಾಡಿ ಎರಡು ದಿನ ಬಿಡಿ. ಹೊಸಬರು ಅವುಗಳ ಮೇಲೆ ತಪ್ಪು ಮಾಡಿ ಕಲಿಯಲಿ. ಸಾಂಬಾರಿನ ಕಲೆ ಶಾಂಪೂವಿಗೆ ಕೆಂಪಾಗುವುದನ್ನು ಒಮ್ಮೆ ಕಣ್ಣಾರೆ ಕಂಡವನು ಗ್ರಾಹಕರ ಮನೆಯಲ್ಲಿ ಆ ತಪ್ಪು ಮಾಡಲಾರ. ಮಳೆಗಾಲದಲ್ಲಿ ಕೆಲಸ ವಿರಳವಾಗುವ ವಾರಗಳನ್ನು ಇದಕ್ಕೆ ಬಳಸಿಕೊಳ್ಳಬಹುದು.

ವೇತನ ಮತ್ತು ಕಾನೂನು

ಬಂದರಿನಂತಹ ಕೇಂದ್ರ ಸರಕಾರದ ವ್ಯಾಪ್ತಿಯ ಸಂಸ್ಥೆಗಳಿಗೆ 2017ರ ಜನವರಿಯಲ್ಲಿ ಪ್ರಕಟವಾದ ಕನಿಷ್ಠ ವೇತನದ ಮೂಲ ದರಗಳನ್ನು ನೋಡಿದರೆ ನಮ್ಮ ಪ್ರಶ್ನೆಯ ಬೇರು ಕಾಣುತ್ತದೆ. ಗುಡಿಸುವ ಮತ್ತು ಶುಚಿಗೊಳಿಸುವ ಕೆಲಸಕ್ಕೆ ಎ, ಬಿ, ಸಿ ಪ್ರದೇಶಗಳಲ್ಲಿ ದಿನಕ್ಕೆ 523, 437, 350 ರೂ. ಎಂದು ಗೊತ್ತುಪಡಿಸಲಾಗಿತ್ತು. ಕಟ್ಟಡ ನಿರ್ಮಾಣದ ಅಕುಶಲ ಕೆಲಸಕ್ಕೂ ಅದೇ ಮೊತ್ತ. ಆದರೆ ನಿರ್ಮಾಣದಲ್ಲಿ ಅದರ ಮೇಲೆ ಅರೆಕುಶಲ, ಕುಶಲ, ಅತಿಕುಶಲ ಎಂಬ ಮೆಟ್ಟಿಲುಗಳಿದ್ದವು. ಕುಶಲ ಕೆಲಸಕ್ಕೆ 637, 579, 494 ರೂ. ಶುಚಿಕಾರ್ಯಕ್ಕೆ ಮೆಟ್ಟಿಲೇ ಇರಲಿಲ್ಲ. ಹತ್ತು ವರ್ಷ ದುಡಿದವನೂ ಇಂದು ಸೇರಿದವನೂ ಆ ಪಟ್ಟಿಯಲ್ಲಿ ಒಂದೇ. ಹತ್ತಲು ಮೆಟ್ಟಿಲಿಲ್ಲದ ಕಸುಬಿನಲ್ಲಿ ಚುರುಕಾದ ಹುಡುಗರು ನಿಲ್ಲುವುದಿಲ್ಲ; ಕಲಿತವರು ಹೋಟೆಲಿಗೋ ಕೊಲ್ಲಿಗೋ ಹೊರಟುಹೋದರೆ ಮಾಲೀಕರು ಮತ್ತೆ ಮೊದಲಿನಿಂದ ಕಲಿಸಬೇಕು.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಉದ್ಯೋಗಗಳ ಹಳೆಯ ಅನುಸೂಚಿಯ ಬದಲಿಗೆ ಕೆಲಸಗಾರರ ಕೌಶಲ ಮತ್ತು ಪ್ರದೇಶವನ್ನು ಕನಿಷ್ಠ ವೇತನದ ಆಧಾರವಾಗಿ ಅದು ಪರಿಗಣಿಸುತ್ತದೆ. ಕಂಬಳಿಯ ಎಳೆ ಗುರುತಿಸಿ ದ್ರಾವಣ ಆಯ್ದುಕೊಳ್ಳುವ ನೌಕರ ಯಾವ ವರ್ಗಕ್ಕೆ ಸೇರಬೇಕೆಂಬ ಚರ್ಚೆ ಇನ್ನು ಮುಂದೆ ಗುತ್ತಿಗೆಯ ಮೇಜಿನ ಮೇಲೆಯೇ ನಡೆಯಲಿದೆ. ಅಧಿಕಾರಿಗಳು ಹೇಳುವ ತನಕ ಕಾಯುವುದು ಒಂದು ಮಾರ್ಗ. ಸಹಾಯಕ, ಶುಚಿಕಾರ, ತಂಡದ ಮುಖ್ಯಸ್ಥ ಎಂದು ಮೂರು ಹಂತ ಮಾಡಿ, ಹಂತವೇರಲು ಯಾವ ಪರೀಕ್ಷೆ ಮುಗಿಸಬೇಕೆಂದು ಬರೆದು, ವೇತನದಲ್ಲಿ ಕಣ್ಣಿಗೆ ಕಾಣುವಷ್ಟು ಅಂತರ ಇಡುವುದು ಇನ್ನೊಂದು. ಎರಡನೆಯದನ್ನು ಹಿಡಿದವರಿಗೆ ದರ ಏರಿಸಿ ಕೇಳುವಾಗ ತೋರಿಸಲು ಏನಾದರೂ ಇರುತ್ತದೆ.

ಕೆಲಸ ಕೊಡುವ ಸದಸ್ಯರಿಗೂ ಒಂದು ಮಾತು. ಮುಂದಿನ ದರಪಟ್ಟಿ ಕರೆಯುವಾಗ ರತ್ನಗಂಬಳಿಯ ಸಾಲನ್ನು ನೆಲ ಒರೆಸುವ ಸಾಲಿನಿಂದ ಬೇರ್ಪಡಿಸಿ. ಅದರ ಕೆಳಗೆ ನಿಮ್ಮ ಕಂಬಳಿ ಉಣ್ಣೆಯದೋ ನೈಲಾನಿನದೋ ಎಂಬುದನ್ನು, 24 ಗಂಟೆಯೊಳಗೆ ಒಣಗಿರಬೇಕೆಂಬುದನ್ನು, ಏಳನೆಯ ದಿನ ಜಂಟಿ ಪರಿಶೀಲನೆಯ ಬಳಿಕವೇ ಬಿಲ್ಲಿನ ಕೊನೆಯ ಹತ್ತನೇ ಒಂದು ಭಾಗ ಪಾವತಿಯಾಗುವುದೆಂಬುದನ್ನು ನಮೂದಿಸಿ. ಒಣಗುವ ತನಕ ಹವಾನಿಯಂತ್ರಣ ಯಂತ್ರ ನಡೆಸಲು ವಿದ್ಯುತ್ತು ಕೊಡುವ ಹೊಣೆ ನಿಮ್ಮದೆಂದೂ ಅಲ್ಲೇ ಬರೆಯಿರಿ. ಶನಿವಾರ ಸಂಜೆ ಮುಖ್ಯ ಸ್ವಿಚ್ಚು ಇಳಿಸಿ ಬೀಗ ಹಾಕುವ ಕಚೇರಿಗೆ ಸೋಮವಾರ ಬೆಳಿಗ್ಗೆ ಬರುವ ವಾಸನೆಗೆ ಶುಚಿಕಾರರನ್ನು ದೂರಿ ಪ್ರಯೋಜನವಿಲ್ಲ.